ಮಾನಿಟರ್ ಬದಲಾದರೆ ಕೋಣದ ಓಟವೂ ಬದಲಾಗಬೇಕಾ?

ನಮ್ಮ ಗೇಮ್ ಕೋರ್ಸಿನ ಡೆಮೊ ದಿನ ಹಾಲ್‌ನ ಪಿಸಿಯಲ್ಲಿ ವಿದ್ಯಾರ್ಥಿನಿಯೊಬ್ಬಳ ಕಂಬಳ ಗೇಮಿನ ಬಿಲ್ಡ್ (ಓಡಿಸಲು ಸಿದ್ಧವಾದ ಪ್ರತಿ) ಓಪನ್ ಮಾಡಿದೆವು. ಎದುರಾಳಿ ಕೋಣಗಳು ಒಂದೇ ಉಸಿರಿಗೆ ಮಂಜೊಟ್ಟಿ, ಅಂದರೆ ಓಟದ ಕೊನೆ, ಮುಟ್ಟಿಬಿಟ್ಟವು. ನಮ್ಮ ಜೋಡಿ ಆಗಷ್ಟೇ ಅರ್ಧ ಕರೆ (ಓಟದ ಕೆಸರು ದಾರಿ) ದಾಟಿತ್ತು.

ಗೇಮ್ ಮಾಡಿದವಳು ಮೂಡಬಿದಿರೆ ಕಡೆಯ ಹುಡುಗಿ. ಕಂಬಳ ನೋಡಿಕೊಂಡೇ ಬೆಳೆದವಳು. ಕೆಸರು ಚಿಮ್ಮುವ ಪಾರ್ಟಿಕಲ್‌ಗಳಿಗೇ ವಾರಗಟ್ಟಲೆ ಕೂತಿದ್ದಳು. "ಸಾರ್, ಲ್ಯಾಪ್‌ಟಾಪಲ್ಲಿ ನಾನೇ ಗೆಲ್ತಿದ್ದೆ" ಅಂದಳು. ದನಿ ನಡುಗುತ್ತಿತ್ತು. ಜಡ್ಜ್‌ಗಳು ಪಕ್ಕದ ರೂಮಲ್ಲಿ ಕಾಫಿ ಕುಡಿಯುತ್ತಿದ್ದರು.

ಯೂನಿಟಿಯಲ್ಲಿ (ಗೇಮ್ ಎಂಜಿನ್) ಸ್ಕ್ರಿಪ್ಟ್ ತೆರೆದರೆ ಕಾರಣ ಎದುರಿಗೇ ಇತ್ತು. ಎದುರಾಳಿ ಜೋಡಿ ಅಪ್‌ಡೇಟ್ ಒಳಗೆ, ಅಂದರೆ ಪರದೆಯ ಚಿತ್ರ (ಫ್ರೇಮ್) ಹೊಸದಾದಾಗಲೆಲ್ಲ ಓಡುವ ಕೋಡಿನಲ್ಲಿ, ಪ್ರತಿ ಫ್ರೇಮಿಗೆ 0.05 ಯೂನಿಟ್ ಮುಂದೆ ಹೋಗುತ್ತಿತ್ತು. ಅವಳ ಲ್ಯಾಪ್‌ಟಾಪ್ 60 ಹರ್ಟ್ಸ್, ಸೆಕೆಂಡಿಗೆ 60 ಫ್ರೇಮ್, ಅಂದರೆ ಸೆಕೆಂಡಿಗೆ 3 ಯೂನಿಟ್. ಹಾಲ್‌ನ ಮಾನಿಟರ್ 144 ಹರ್ಟ್ಸ್, ಅಲ್ಲಿ 7.2. ಆಟಗಾರನ ಜೋಡಿ ಓಡುವುದು ರಿಜಿಡ್‌ಬಾಡಿಯ (ಎಂಜಿನ್ನಿನ ಫಿಸಿಕ್ಸ್ ಭಾಗ) ವೆಲಾಸಿಟಿಯಿಂದ, ಅಂದರೆ ವೇಗದಿಂದ. ಅದು ಎರಡೂ ಕಡೆ ಸೆಕೆಂಡಿಗೆ 4 ಯೂನಿಟ್‌ನಲ್ಲೇ ಇತ್ತು.

"ಡೆಲ್ಟಾಟೈಮ್ ಹಾಕಿಲ್ಲ, ನೋಡಮ್ಮ" ಅಂದೆ. ಹಿಂದಿನ ಫ್ರೇಮಿನಿಂದ ಈ ಫ್ರೇಮಿಗೆ ಎಷ್ಟು ಸೆಕೆಂಡು ಕಳೆಯಿತು ಅನ್ನುವುದೇ ಡೆಲ್ಟಾಟೈಮ್. ತಕ್ಷಣ ಎಲ್ಲ ಕಡೆ ಟೈಮ್ ಡಾಟ್ ಡೆಲ್ಟಾಟೈಮ್‌ನಿಂದ ಗುಣಿಸಿದಳು. ಪ್ಲೇ ಒತ್ತಿದರೆ ಎರಡು ಜೋಡಿಯೂ ಕೆಸರಲ್ಲಿ ಹೂತುಹೋದ ಹಾಗೆ ನಿಂತವು. ಕೀಬೋರ್ಡ್ ಕಿತ್ತುಕೊಳ್ಳಲು ಕೈ ತುರಿಸುತ್ತಿತ್ತು. ಕಿತ್ತುಕೊಳ್ಳಲಿಲ್ಲ. "ಈ 0.05 ಯಾವುದಕ್ಕೆ? ಫ್ರೇಮಿಗಾ, ಸೆಕೆಂಡಿಗಾ?" ಅಂತ ಕೇಳಿದೆ. ಸುಮ್ಮನಾದಳು. ಆ ಮೌನ ಬಹಳ ಉದ್ದ ಅನ್ನಿಸಿತು, ಹೊರಗೆ ಕುರ್ಚಿ ಎಳೆಯುವ ಸದ್ದು ಬೇರೆ. ಆಮೇಲೆ ತಾನಾಗಿಯೇ 0.05 ಅಳಿಸಿ 3 ಬರೆದಳು. "ವೆಲಾಸಿಟಿ ಮೊದಲೇ ಸೆಕೆಂಡ್ ಲೆಕ್ಕದಲ್ಲೇ ಇದೆ ಅಲ್ವಾ ಸಾರ್?" ಅನ್ನುತ್ತಾ ಅಲ್ಲಿದ್ದ ಡೆಲ್ಟಾಟೈಮ್ ತೆಗೆದಳು. ಓಟ ಸರಿಹೋಯಿತು.

ಇದರಲ್ಲಿ ಅವಳ ತಪ್ಪು ಕಮ್ಮಿ. ಟ್ಯುಟೋರಿಯಲ್ ವಿಡಿಯೋಗಳು ಡೆಲ್ಟಾಟೈಮನ್ನು ಮಂತ್ರದ ಹಾಗೆ ಹೇಳಿಕೊಡುತ್ತವೆ, ಯಾಕೆ ಅಂತ ಹೇಳುವುದಿಲ್ಲ. ನಮ್ಮ ಸಿಲಬಸ್‌ನಲ್ಲಿ ಲೈಟಿಂಗ್‌ಗೆ ಸಿಗುವಷ್ಟು ಕ್ಲಾಸು ಇದಕ್ಕೆ ಸಿಗುವುದಿಲ್ಲ, ಯಾಕೆಂದರೆ ಬ್ರೋಷರ್‌ನಲ್ಲಿ ಚೆಂದ ಕಾಣುವುದು ಲೈಟಿಂಗ್. ಹಾಲ್‌ನ ಕೀ ಡೆಮೊ ದಿನ ಬೆಳಿಗ್ಗೆ ತನಕ ಆಫೀಸಿನಲ್ಲೇ ಇರುತ್ತದೆ. ಮಕ್ಕಳು ತಿಂಗಳುಗಟ್ಟಲೆ ದುಡಿದ ಗೇಮನ್ನು ಒಮ್ಮೆಯಾದರೂ ಅದೇ ಪಿಸಿಯಲ್ಲಿ ಓಡಿಸಿ ನೋಡಬೇಡವೇ? ಇದನ್ನು ಮೀಟಿಂಗ್‌ನಲ್ಲಿ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ.

ಈಗ ಹೊಸ ಬ್ಯಾಚ್‌ಗೆ ಮೊದಲ ವಾರವೇ ಒಂದು ಕೆಲಸ ಕೊಡುತ್ತೇನೆ. ವಿಸಿಂಕ್ (ಫ್ರೇಮ್‌ಗಳನ್ನು ಮಾನಿಟರಿನ ವೇಗಕ್ಕೆ ಕಟ್ಟುವ ಸೆಟ್ಟಿಂಗ್) ಆಫ್ ಮಾಡಿ, ಟಾರ್ಗೆಟ್ ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್ ಬೇಕು ಅನ್ನುವ ಸೆಟ್ಟಿಂಗ್) 30 ಇಟ್ಟು ಓಡಿಸಿ, ಆಮೇಲೆ 144 ಇಟ್ಟು ಓಡಿಸಿ. ವಿಸಿಂಕ್ ಆನ್ ಇದ್ದರೆ ಡೆಸ್ಕ್‌ಟಾಪಲ್ಲಿ ಟಾರ್ಗೆಟ್ ಸೆಟ್ಟಿಂಗ್ ಲೆಕ್ಕಕ್ಕೇ ಬರುವುದಿಲ್ಲ, ಅದು ಮರೆಯಬಾರದು. ಕೋಡ್‌ನಲ್ಲಿ ವೇಗದ ಅಂಕಿ ಬರೆದ ಕಡೆಯೆಲ್ಲ ಪಕ್ಕದಲ್ಲೇ ಕಮೆಂಟ್ ಇರಬೇಕು: ಸೆಕೆಂಡಿಗೆ ಇಷ್ಟು ಯೂನಿಟ್. ಆ ಕಮೆಂಟ್ ಇಲ್ಲದ ಸ್ಕ್ರಿಪ್ಟನ್ನು ನಾನು ರಿವ್ಯೂಗೆ ತೆಗೆದುಕೊಳ್ಳುವುದಿಲ್ಲ.