ಘಟ್ಟ ಇಳಿದು ಹಾಯಿದೋಣಿ ಹತ್ತುವವರಿಗೆ

ಸಾಗರ, ಹೊಸನಗರದ ಕಡೆಯಿಂದ ಕರಾವಳಿಗೆ ಇಳಿದು, ಹಳೇ ಮರದ ಹಾಯಿದೋಣಿಯಲ್ಲಿ ಕಡಲು ಸುತ್ತಬೇಕು ಅಂತ ಆಸೆ ಇದ್ದವರು ರಜೆ ಹಾಕುವ ಮುಂಚೆ ಗೋಡೆಯ ಪಂಚಾಂಗ ನೋಡಿ. ಅಷ್ಟಮಿ ಯಾವತ್ತು ಬಿದ್ದಿದೆಯೋ ಅದರ ಹಿಂದೆ ಮುಂದೆ ದಿನ ಇಟ್ಟುಕೊಳ್ಳಿ. ಶಕುನ ನೋಡಿ ಹೊರಡಿ ಅನ್ನುತ್ತಿಲ್ಲ. ಇದು ನೀರಿನ ಲೆಕ್ಕ.

ಹುಣ್ಣಿಮೆ, ಅಮಾವಾಸ್ಯೆಯಂದು ನಮ್ಮ ಕರಾವಳಿಯಲ್ಲಿ ಭರತ, ಅಂದರೆ ಕಡಲ ಉಬ್ಬರ, ತುಂಬುವುದು ಹೆಚ್ಚುಕಡಿಮೆ ಹನ್ನೊಂದು-ಹನ್ನೆರಡರ ಹೊತ್ತಿಗೆ, ಹಗಲೂ ಅಷ್ಟೇ, ರಾತ್ರಿಯೂ ಅಷ್ಟೇ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗಿ, ಅಷ್ಟಮಿಗೆ ಬೆಳಗಿನ ಜಾವ ಐದು ಮತ್ತು ಸಂಜೆ ಐದರ ಆಸುಪಾಸಿಗೆ ಬರುತ್ತದೆ. ಆಗ ಬೆಳಿಗ್ಗೆ ಆರಕ್ಕೆ ದೋಣಿ ಬಿಚ್ಚಿದರೆ ಇಳಿತವೇ ಹೊಳೆಯಿಂದ ಆಚೆ ಕಳಿಸುತ್ತದೆ. ಸಂಜೆ ನಾಲ್ಕಕ್ಕೆ ಇನ್ನೊಂದು ಹೊಳೆಯ ಅಳಿವೆಗೆ (ಹೊಳೆ ಕಡಲು ಸೇರುವ ಬಾಯಿಗೆ) ಬಂದರೆ ಏರುವ ನೀರು ಒಳಗೆ ಕರೆದುಕೊಳ್ಳುತ್ತದೆ. ಮೇಲಾಗಿ ಅಷ್ಟಮಿಯ ಸುತ್ತ ಏರಿಳಿತವೂ ಕಡಿಮೆ, ಸೆಳೆತವೂ ಕಡಿಮೆ. ಸರಿಯಾದ ಗಂಟೆ-ನಿಮಿಷಕ್ಕೆ ಕಾರವಾರ ಬಂದರಿನ ಭರತದ ಪಟ್ಟಿ ನೋಡಿಕೊಳ್ಳಿ, ದಿನ ಆರಿಸುವುದಕ್ಕೆ ಪಂಚಾಂಗ ಸಾಕು.

ಇನ್ನು ಗಾಳಿ. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಇಲ್ಲಿ ಗಾಳಿಗೆ ಒಂದು ವೇಳಾಪಟ್ಟಿ ಇರುತ್ತದೆ. ಬೆಳಗಿನ ಜಾವ ಘಟ್ಟದ ಕಡೆಯಿಂದ ತಣ್ಣನೆ ಬೀಸುತ್ತದೆ, ಬಿಸಿಲು ಏರಿದ ಹಾಗೆ ಸತ್ತುಹೋಗುತ್ತದೆ. ಒಂದಷ್ಟು ಹೊತ್ತು ಹಾಯಿ ಜೋತುಬಿದ್ದು, ಬೆವರು ಸುರಿದು, ಯಾಕಾದರೂ ಬಂದೆವೋ ಅನ್ನಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ವಾಯವ್ಯದಿಂದ ಕಡಲಗಾಳಿ ಶುರುವಾಗಿ ಸಂಜೆವರೆಗೆ ಹಿಡಿದು ಬೀಸುತ್ತದೆ. ಹಾಗಾಗಿ ಉತ್ತರದಿಂದ ದಕ್ಷಿಣಕ್ಕೆ ಹೋಗಿ. ನಾವು ಹೋದದ್ದು ತದಡಿಯಿಂದ ಹೊನ್ನಾವರಕ್ಕೆ, ಅಲ್ಲಿಂದ ಮುರ್ಡೇಶ್ವರಕ್ಕೆ. ಇದನ್ನೇ ತಿರುಗಿಸಿ ಮಾಡಲು ಹೋದರೆ ಇಡೀ ಮಧ್ಯಾಹ್ನ ಗಾಳಿಗೆ ಎದುರು ನಿಲ್ಲಬೇಕು. ಹಳೇ ದೋಣಿಗಳ ತಳ ಚಪ್ಪಟೆ, ಎದುರುಗಾಳಿಗೆ ಮುಂದೆ ಹೋಗುವುದಕ್ಕಿಂತ ಪಕ್ಕಕ್ಕೆ ಜಾರುವುದೇ ಹೆಚ್ಚು. ದಿಕ್ಕು ಬದಲಿಸಿದಾಗೆಲ್ಲ ಹಾಯಿ ಕಟ್ಟಿದ ಉದ್ದದ ಗಳುವನ್ನು ಕೂವೆಯ, ಅಂದರೆ ನಡುವಿನ ಹಾಯಿಕಂಬದ, ಈಚೆಯಿಂದ ಆಚೆಗೆ ದಾಟಿಸಬೇಕು. ಒಮ್ಮೆ ಮಾಡಿದರೆ ತೋಳು ಸೋಲುತ್ತದೆ. ಮಳೆಗಾಲದ ಮಾತೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಯಾಂತ್ರಿಕ ಬೋಟುಗಳೇ ಕಡಲಿಗೆ ಇಳಿಯುವಂತಿಲ್ಲ.

ಇಂಥ ದೋಣಿ ಬಾಡಿಗೆ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಈಗ ಬಂದರಿನಲ್ಲಿ ಕಾಣುವುದೆಲ್ಲ ಫೈಬರ್, ಇಂಜಿನ್. ನಮಗೆ ಸಿಕ್ಕಿದ್ದು ಭಾವನ ಪರಿಚಯದ ತಾಂಡೇಲರೊಬ್ಬರ (ದೋಣಿ ನಡೆಸುವ ಯಜಮಾನರ) ಮನೆಯದು. ಹೆಬ್ಬಲಸಿನ ಹಲಗೆ, ಮೈತುಂಬ ಗೇರೆಣ್ಣೆ, ನೀಲಿ ತಾಡಪಾಲಿನಿಂದ ಹೊಲಿದ ಹಾಯಿ. ಆಪತ್ತಿಗೆ ಅಂತ ಹಿಂದೆ ಒಂದು ಪುಟ್ಟ ಇಂಜಿನ್. ಹೆಬ್ಬಲಸು ನಮ್ಮ ಘಟ್ಟದ ಕಾಡಿನ ಮರವೇ, ಹಿಂದೆ ಕೂವೆಗೆ ಬೇಕಾದ ನೆಟ್ಟನೆಯ ಹೊನ್ನೆಯೂ ಇಲ್ಲಿಂದಲೇ ಇಳಿಯುತ್ತಿತ್ತು. ತೋಟದ ಮನೆಯ ತೊಲೆಗೆ ಗೇರೆಣ್ಣೆ ಬಳಿದು ಗೊತ್ತಿದ್ದವರಿಗೆ ದೋಣಿಯ ವಾಸನೆ ಹೊಸದಾಗಿರುವುದಿಲ್ಲ.

ದೋಣಿಯ ನೋಂದಣಿ ಇದೆಯೇ ಕೇಳಿ, ಇಲ್ಲದಿದ್ದರೆ ಹತ್ತಬೇಡಿ. ಗುರುತಿನ ಚೀಟಿ ಪ್ಲಾಸ್ಟಿಕ್ ಚೀಲದಲ್ಲಿ ಜೊತೆಗಿರಲಿ, ಹೊರಡುವ ಮುಂಚೆ ಕರಾವಳಿ ಕಾವಲು ಪೊಲೀಸರಿಗೆ ಎಲ್ಲಿಂದ ಎಲ್ಲಿಗೆ ಅಂತ ತಿಳಿಸಿ. ಕಾರವಾರದ ಆಸೆ ಬಿಡಿ, ಅಲ್ಲಿ ನೌಕಾನೆಲೆಯ ಸುತ್ತ ಕಾವಲು ಬಿಗಿ. ಕೋಸ್ಟ್ ಗಾರ್ಡಿನ 1554 ಸಂಖ್ಯೆ ಎಲ್ಲರ ಫೋನಿನಲ್ಲೂ ಇರಲಿ. ಲೈಫ್ ಜಾಕೆಟ್ ತಲೆಗೊಂದು, ಮತ್ತು ಅದು ಮೈಮೇಲೆ. ಸಿಗಂದೂರು ಲಾಂಚಿನಲ್ಲಿ ಬಸ್ಸು, ಜೀಪಿನ ಸಮೇತ ಶರಾವತಿಯ ಹಿನ್ನೀರು ದಾಟಿ ಬೆಳೆದ ನಮಗೆ ಜಾಕೆಟ್ಟನ್ನು ತಲೆದಿಂಬು ಮಾಡಿಕೊಳ್ಳುವ ಚಾಳಿ ಇದೆ. ಅದೇ ಹಿನ್ನೀರಿನ ಹೊನ್ನೆಮರಡುವಿನಲ್ಲಿ ಒಂದೆರಡು ದಿನ ಹುಟ್ಟು ಹಾಕಿ, ಜಾಕೆಟ್ ತೊಟ್ಟು ನೀರಿಗೆ ಬಿದ್ದು ಎದ್ದು ಬಂದರೆ ಅರ್ಧ ಭಯ ಹೋಗುತ್ತದೆ. ಉಳಿದರ್ಧ ಹೋಗದಿರುವುದೇ ಒಳ್ಳೆಯದು.

ಒಂದು ವಿಷಯಕ್ಕೆ ಮಾತ್ರ ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ದಡದಲ್ಲಿ ಒಣಗಿದ್ದ ಮರದ ದೋಣಿ ನೀರಿಗಿಳಿದ ದಿನ ಸೋರುತ್ತದೆ. ಹಲಗೆಯ ಸಂದಿಗುಂಟ ಸಾಲಾಗಿ ಹನಿ ಕೂರುತ್ತವೆ, ಒಂದಕ್ಕೊಂದು ಕೂಡಿ ಎಳೆಯಾಗಿ ತಳಕ್ಕೆ ಇಳಿಯುತ್ತವೆ, ನೋಡನೋಡುತ್ತ ಪಾದ ಮುಳುಗುತ್ತದೆ. ಭಾವ ಎಣ್ಣೆ ಕ್ಯಾನಿನ ತಲೆ ಕೊಯ್ದು ಮಾಡಿದ ಮೊಗೆಯಲ್ಲಿ ನೀರು ಗೋಚಿ ಹೊರಗೆ ಚೆಲ್ಲುತ್ತಲೇ ಇದ್ದ. ತಾಂಡೇಲರು ಬೀಡಿ ಹಚ್ಚಿಕೊಂಡು, "ಹೆದರ್ಬೇಡಿ ಭಟ್ರೆ, ಮರ ನೀರು ಕುಡೀಲಿ. ಹೊಟ್ಟೆ ತುಂಬಿದ ಮೇಲೆ ತಾನೇ ಬಾಯಿ ಮುಚ್ತದೆ" ಅಂದರು. ಹಲಗೆ ಉಬ್ಬಿ ಸಂದಿ ಬಿಗಿಯಾಗಲು ಒಂದೆರಡು ದಿನ ಬೇಕು. ಹಾಗಾಗಿ ನೀವು ಹೋಗುವ ಮುಂಚೆಯೇ ದೋಣಿಯನ್ನು ಹೊಳೆಗೆ ಇಳಿಸಿಡಲು ಹೇಳಿ. ಹೋದ ಮೇಲೆ ತಳ ನೋಡಿ. ಅಷ್ಟಾದ ಮೇಲೂ ಒಂದೇ ಜಾಗದಲ್ಲಿ ನೀರು ಬರುತ್ತಿದ್ದರೆ, ಅಥವಾ ಚೂರಿಯ ತುದಿ ಒತ್ತಿದರೆ ಹಲಗೆ ಮೆತ್ತಗೆ ಸಿಕ್ಕರೆ, ಆ ದೋಣಿ ಬೇಡ.

ಜೋಗದಿಂದ ಹೊನ್ನಾವರಕ್ಕೆ ಗೇರುಸೊಪ್ಪದ ಮೇಲೆ 60 ಕಿಲೋಮೀಟರ್ ಆಸುಪಾಸು. ತಿರುವು ಬಹಳ, ವಾಂತಿ ಬರುವವರಿಗೆ ಅಲ್ಲೇ ಬಂದುಬಿಡುತ್ತದೆ. ಹೊನ್ನಾವರದಿಂದ ಹೆದ್ದಾರಿಯಲ್ಲಿ ಕುಮಟಾ ದಾಟಿ ತದಡಿ. ವಾಹನ ಹೊನ್ನಾವರದಲ್ಲೇ ಬಿಟ್ಟು ಮುಂದೆ ಬಸ್ಸಿನಲ್ಲಿ ಹೋಗುವುದು ಲೇಸು, ವಾಪಸಿಗೆ ಕೈಗೆ ಸಿಗುತ್ತದೆ. ಹಿಂದಿನ ರಾತ್ರಿಯೇ ತದಡಿ ಸೇರಿಕೊಳ್ಳಿ.

ತದಡಿ ಇರುವ ಅಘನಾಶಿನಿಯ ಅಳಿವೆ ಹೊಸಬರಿಗೆ ಹೇಳಿ ಮಾಡಿಸಿದ್ದು. ಎರಡೂ ಕಡೆ ಗುಡ್ಡ, ನಡುವೆ ಬಾಗಿಲು. ಈ ಹೊಳೆಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಇಳಿತಕ್ಕೆ ನೀರು ಸರಿದಾಗ ಬಳಚು (ಚಿಪ್ಪುಮೀನು) ಹೆಕ್ಕುವವರು ಸೊಂಟದ ಮಟ್ಟದ ನೀರಲ್ಲಿ ನಿಂತಿರುತ್ತಾರೆ, ಅವರಿಂದ ದೂರದಲ್ಲಿ ದೋಣಿ ನಡೆಸಿ. ಹೊರಗೆ ಬಂದ ಮೇಲೆ ದಡದಿಂದ ಒಂದೆರಡು ಕಿಲೋಮೀಟರ್ ಆಚೆಗೇ ಇರಿ. ದಡ ಕಾಣುತ್ತಿದ್ದರೆ ಧೈರ್ಯ ಅಂತ ಹತ್ತಿರ ಹೋಗುವುದೇ ಅಪಾಯ, ಅಲೆ ಒಡೆಯುವುದೂ ಬಂಡೆ ಇರುವುದೂ ಅಲ್ಲೇ. ಬಲೆಯ ತೇಲುಬುರುಡೆ ಕಂಡರೆ ಸುತ್ತು ಹಾಕಿ. ಹೊನ್ನಾವರಕ್ಕೆ ಸಮುದ್ರದಲ್ಲಿ 25 ಕಿಲೋಮೀಟರಿಗಿಂತ ತುಸು ಹೆಚ್ಚು, ಹದ ಗಾಳಿಯಲ್ಲಿ ಗಂಟೆಗೆ ಐದು ಕಿಲೋಮೀಟರ್ ಹೋದರೆ ಪುಣ್ಯ.

ಹೊನ್ನಾವರ ಹತ್ತಿರ ಬಂದ ಹಾಗೆ ತಲೆ ತಟ್ಟಾದ ಬಸವರಾಜದುರ್ಗದ ನಡುಗಡ್ಡೆ ಕಾಣುತ್ತದೆ. ಸಾಗರದವರಿಗೆ ಇದು ಹೊರಗಿನ ಊರಲ್ಲ, ಕೆಳದಿ ಅರಸರ ಕೋಟೆ. ಇಕ್ಕೇರಿಯಲ್ಲಿ ಕೂತು ಆಳಿದವರಿಗೆ ಮೆಣಸು ಹಡಗು ಹತ್ತಬೇಕಾದರೆ ಈ ಹೊಳೆಗಳ ಬಾಯಿ ಬೇಕಿತ್ತು. ಅವರಿಗಿಂತ ಮುಂಚೆ ಇದೇ ಮೆಣಸಿನಿಂದ ಗೇರುಸೊಪ್ಪದ ಚೆನ್ನಭೈರಾದೇವಿಗೆ ಪೋರ್ಚುಗೀಸರು ಮೆಣಸಿನ ರಾಣಿ ಅಂತ ಹೆಸರಿಟ್ಟಿದ್ದರು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪಕ್ಕೆ ಬಂದು, ಘಟ್ಟ ಹತ್ತಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನ ಕಂಡು ಹೋದ. ನಾವು ಅದೇ ದಾರಿಯನ್ನು ಈಗ ಬಸ್ಸಿನಲ್ಲಿ ನಿದ್ದೆ ಮಾಡುತ್ತ ಇಳಿಯುತ್ತೇವೆ.

ನಡುಗಡ್ಡೆಯ ಹತ್ತಿರ ಹೋಗಿ ಫೋಟೋ ತೆಗೆಯುತ್ತ ಹೊತ್ತು ಕಳೆಯಬೇಡಿ, ಏಕೆಂದರೆ ಇಡೀ ಪ್ರಯಾಣದ ಕಷ್ಟದ ಜಾಗ ಮುಂದೆಯೇ ಇದೆ. ಹೊನ್ನಾವರ ಇರುವ ಶರಾವತಿಯ ಅಳಿವೆಗೆ ಅಘನಾಶಿನಿಯ ಹಾಗೆ ಗುಡ್ಡದ ಕಾವಲಿಲ್ಲ. ಮರಳಿನ ದಿಬ್ಬ ಸರಿಯುತ್ತಿರುತ್ತದೆ, ಕಳೆದ ವರ್ಷದ ದಾರಿ ಈ ವರ್ಷ ಇರುವುದಿಲ್ಲ. ಅದೂ ಅಲ್ಲದೆ ಲಿಂಗನಮಕ್ಕಿಯಿಂದ ಗೇರುಸೊಪ್ಪದವರೆಗೆ ಒಂದರ ಕೆಳಗೊಂದು ವಿದ್ಯುದಾಗಾರ ದಾಟಿದ ನೀರು ಬೇಸಿಗೆಯಲ್ಲೂ ಕೆಳಗೆ ಬರುತ್ತಿರುತ್ತದೆ. ನಮ್ಮ ಹಿನ್ನೀರೇ ಇಲ್ಲಿ ಇಳಿತದ ಜೊತೆ ಸೇರಿಕೊಂಡು ನಮ್ಮನ್ನು ಆಚೆ ನೂಕುತ್ತದೆ. ಸಂಜೆಯ ಕಡಲಗಾಳಿ ಒಳಗೆ ತಳ್ಳುವಾಗ ಇಳಿತ ಹೊರಗೆ ಓಡುತ್ತಿದ್ದರೆ ದಿಬ್ಬದ ಮೇಲೆ ಅಲೆ ಗೋಡೆಗೋಡೆಯಾಗಿ ಎದ್ದು ನಿಲ್ಲುತ್ತದೆ. ಅಷ್ಟಮಿಯ ಲೆಕ್ಕ ಹಾಕಿದ್ದು ಇದಕ್ಕೇ.

ತಾಂಡೇಲರು ಹಾಯಿ ಅರ್ಧ ಇಳಿಸಿ, ಹೊರಗೇ ದೋಣಿ ನಿಲ್ಲಿಸಿ ಬಹಳ ಹೊತ್ತು ಸುಮ್ಮನೆ ನೋಡಿದರು. ಎಲ್ಲಿ ಬಿಳಿ ನೊರೆ ಸಾಲಾಗಿ ಒಡೆಯುತ್ತದೋ ಅಲ್ಲಿ ಮರಳು. ನೊರೆಯ ಎರಡು ಸಾಲಿನ ನಡುವೆ ನೀರು ಕಪ್ಪಗೆ, ಸುಕ್ಕುಸುಕ್ಕಾಗಿ ಕಂಡರೆ ಅದು ಆಳ. ಮೀನು ಹಿಡಿದು ವಾಪಸು ಬರುತ್ತಿದ್ದ ಬೋಟೊಂದು ಎಲ್ಲಿ ತಿರುಗಿತು ಅಂತ ಗುರುತು ಹಿಡಿದು, ದೊಡ್ಡ ಅಲೆಗಳನ್ನು ಮುಂದೆ ಹೋಗಲು ಬಿಟ್ಟು, ಇಂಜಿನ್ ಹಾಕಿ ಅದೇ ಗೆರೆಯಲ್ಲಿ ನುಗ್ಗಿಸಿದರು. ಆ ಹೊತ್ತಿನಲ್ಲಿ ಪ್ರಯಾಣಿಕರ ಕೆಲಸ ಒಂದೇ: ತಳದಲ್ಲಿ ಕೂತು ಬಾಯಿ ಮುಚ್ಚಿಕೊಂಡಿರುವುದು. ಅಳಿವೆ ಗೊತ್ತಿಲ್ಲದ ತಾಂಡೇಲ, ಅದೆಷ್ಟೇ ಒಳ್ಳೆಯವನಿರಲಿ, ಹೊನ್ನಾವರಕ್ಕೆ ಬೇಡ. ಕತ್ತಲಾದರೆ ಯಾರೂ ಬೇಡ.

ಒಳಗೆ ಬಂದರೆ ಮಾವಿನಕುರ್ವೆಯ ಕಡೆ ನೀರು ಸಮಾಧಾನ. ಲಂಗರು ಹಾಕಿ ದೋಣಿಯಲ್ಲೇ ಮಲಗಬಹುದು, ಆದರೆ ಸೊಳ್ಳೆಪರದೆ ಇಲ್ಲದೆ ಆ ಸಾಹಸ ಬೇಡ. ಮೇಲೊಂದು ತಾಡಪಾಲು ಕಟ್ಟಿ, ಇಬ್ಬನಿ ಮಳೆಯ ಹಾಗೆ ತೊಟ್ಟಿಕ್ಕುತ್ತದೆ. ಕಂಬಳಿ ಮನೆಯಲ್ಲೇ ಇರಲಿ, ಉಪ್ಪುನೀರು ಕುಡಿದ ಕಂಬಳಿ ಒಣಗುವುದಿಲ್ಲ.

ಊಟಕ್ಕೆ ಅವಲಕ್ಕಿ, ಬೆಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ, ಬಾಳೆಹಣ್ಣು ಧಾರಾಳ ಸಾಕು. ಹಪ್ಪಳ ಒಯ್ಯಬೇಡಿ, ಡಬ್ಬಿ ತೆಗೆದ ಗಳಿಗೆಗೆ ಮೆತ್ತಗಾಗುತ್ತದೆ. ಕುಡಿಯುವ ನೀರು ತಲೆಗೆ ದಿನಕ್ಕೆ ನಾಲ್ಕು ಲೀಟರಿಗೆ ಕಡಿಮೆ ಬೇಡ. ಕಡಲಬಿಸಿಲು ನಮ್ಮ ಅಡಕೆ ತೋಟದ ನೆರಳಿನವರಿಗೆ ಒಗ್ಗುವುದು ನಿಧಾನ, ತುಂಬುತೋಳಿನ ಅಂಗಿ, ಗಲ್ಲಕ್ಕೆ ದಾರ ಕಟ್ಟುವ ಟೋಪಿ ಬೇಕೇಬೇಕು. ವಾಂತಿಯ ಮಾತ್ರೆ ದೋಣಿ ಹತ್ತುವ ಒಂದು ಗಂಟೆ ಮುಂಚೆ ನುಂಗಿ, ಹೊಟ್ಟೆ ತೊಳಸಿದ ಮೇಲೆ ನುಂಗಿ ಉಪಯೋಗವಿಲ್ಲ. ಒಣಶುಂಠಿ ಬಾಯಲ್ಲಿಟ್ಟುಕೊಂಡು ದಿಗಂತ ನೋಡುತ್ತಿದ್ದರೆ ಭಾವನಂಥವರೂ ತಡೆಯುತ್ತಾರೆ.

ಮುರ್ಡೇಶ್ವರಕ್ಕೆ ಸುಮಾರು 20 ಕಿಲೋಮೀಟರ್, ಸುಲಭದ ದಿನ. 123 ಅಡಿಯ ಶಿವ ಬಹಳ ದೂರದಿಂದಲೇ ಕಾಣುವುದರಿಂದ ದಾರಿ ಕೇಳುವುದೇ ಬೇಡ. ಆದರೆ ಅಲ್ಲಿ ಒಳಗೆ ಸೇರಿಕೊಳ್ಳಲು ಹೊಳೆಯಿಲ್ಲ, ತೆರೆದ ಕಡಲು. ವಾಯವ್ಯ ಗಾಳಿಗೆ ದೇವಸ್ಥಾನದ ಗುಡ್ಡದ ದಕ್ಷಿಣ ಮಗ್ಗುಲು ಮರೆ ಕೊಡುತ್ತದೆ, ಇಳಿಯಲು ಅಷ್ಟು ಸಾಕು. ರಾತ್ರಿ ದೋಣಿಯಲ್ಲಿ ಮಲಗುವುದಕ್ಕೆ ಅಲ್ಲ. ನೇತ್ರಾಣಿ ದ್ವೀಪಕ್ಕೂ ಹೋಗೋಣ ಅಂತ ಗುಂಪಿನಲ್ಲಿ ಒಬ್ಬರಾದರೂ ಹೇಳುತ್ತಾರೆ. ಅದು ಹೆಚ್ಚುಕಡಿಮೆ ಇಷ್ಟೇ ದೂರ ನೇರ ಕಡಲ ಒಳಗೆ, ವಾಪಸು ಬರಲು ಗಾಳಿಯ ಭರವಸೆ ಇಲ್ಲ. ಹಳೇ ದೋಣಿಗೆ ಅದು ತಕ್ಕದ್ದಲ್ಲ.

ದೋಣಿಯನ್ನು ತಿರುಗಿ ಉತ್ತರಕ್ಕೆ ಒಯ್ಯುವುದು ತಾಂಡೇಲರ ಕೆಲಸ, ಬೆಳಗಿನ ಜಾವದ ಗಾಳಿ ಮತ್ತು ಇಂಜಿನ್ ನಂಬಿ. ಅದರ ಡೀಸೆಲ್ಲು, ಅವರ ದಿನಗೂಲಿ ಎರಡನ್ನೂ ಹೊರಡುವ ಮುಂಚೆಯೇ ಮಾತಾಡಿ ಕೊಟ್ಟುಬಿಡಿ. ಮುರ್ಡೇಶ್ವರದಿಂದ ಕೊಂಕಣ ರೈಲಿನಲ್ಲೋ ಬಸ್ಸಿನಲ್ಲೋ ಹೊನ್ನಾವರಕ್ಕೆ ಬಂದರೆ ನಿಮ್ಮ ವಾಹನ ಅಲ್ಲೇ ಇರುತ್ತದೆ. ಘಟ್ಟ ಹತ್ತುವ ಕೆಲಸ ಬೆಳಕಿರುವಾಗಲೇ ಮುಗಿಸಿ, ಬಿಸಿಲಿಗೆ ಬೆಂದು ಬಂದ ಡ್ರೈವರಿಗೆ ಆ ತಿರುವುಗಳಲ್ಲಿ ಕಣ್ಣು ಎಳೆಯುತ್ತದೆ.