ಸಂಬಳದ ಚೀಟಿಯಲ್ಲಿ ಯಾರ ಹೆಸರು?

ಕ್ಯಾಲಿಫೋರ್ನಿಯಾದಲ್ಲಿ ನನ್ನ ಕೆಲಸ ಹೋದ ಎರಡನೇ ದಿನವೇ ನಿರುದ್ಯೋಗ ವಿಮೆಗೆ ಅರ್ಜಿ ಹಾಕಿದೆ. ಎಚ್-1ಬಿ ವೀಸಾದವರಿಗೆ ಸಾಮಾನ್ಯವಾಗಿ ಇದು ಸಿಗುವುದಿಲ್ಲ. ನನಗೆ ಗ್ರೀನ್ ಕಾರ್ಡ್ ಇತ್ತು. ಕೊನೆಯದಾಗಿ ಯಾರ ಹತ್ತಿರ ಕೆಲಸ ಮಾಡಿದಿರಿ ಎಂದು ಕೇಳಿದ್ದ ಕಡೆ, ನಾಲ್ಕು ವರ್ಷ ದುಡಿದ ಕಂಪನಿಯ ಹೆಸರು ಬರೆದೆ. ಮೂವತ್ತು ಜನರ ಸಣ್ಣ ಕಂಪನಿ ಅದು.

ಆಮೇಲೆ ಬಂದ ಪತ್ರ ನೋಡಿ ಗಾಬರಿಯಾಯಿತು. ನನ್ನ ಸಂಬಳವೆಲ್ಲ ಬೇರೆ ಯಾವುದೋ ಹೆಸರಿನ ಎದುರಿಗಿತ್ತು. ನಾನು ಬರೆದ ಹೆಸರಿಗೂ ಅದಕ್ಕೂ ತಾಳೆಯಾಗದೆ ಅರ್ಜಿ ನಿಂತುಹೋಗಿತ್ತು. ಹಳೆಯ ಸಂಬಳದ ಚೀಟಿ ತೆಗೆದು ನೋಡಿದೆ. ಮೇಲ್ಗಡೆ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ ಅದೇ ಹೆಸರು. ನಾಲ್ಕು ವರ್ಷ ನಾನು ನೋಡಿದ್ದು ಕೆಳಗಿನ ಮೊತ್ತವನ್ನು ಮಾತ್ರ.

ಆ ಹೆಸರು, ಬೇರೆ ಕಂಪನಿಗಳ ಕೆಲಸಗಾರರ ಸಂಬಳದ ಲೆಕ್ಕ ನೋಡಿಕೊಳ್ಳುವ ಒಂದು ಸಂಸ್ಥೆಯದು. ಅಲ್ಲಿ ಇಂಥ ಸಂಸ್ಥೆಗಳಿಗೆ ಪಿಇಒ (ಪ್ರೊಫೆಷನಲ್ ಎಂಪ್ಲಾಯರ್ ಆರ್ಗನೈಸೇಶನ್) ಅನ್ನುತ್ತಾರೆ. ಕೆಲಸ ಹೇಳುವುದು, ಕೆಲಸದಿಂದ ತೆಗೆಯುವುದು ನಮ್ಮ ಕಂಪನಿ. ಸಂಬಳ, ತೆರಿಗೆ, ಆರೋಗ್ಯ ವಿಮೆ ನೋಡಿಕೊಳ್ಳುವುದು ಪಿಇಒ. ಸಣ್ಣ ಕಂಪನಿಗಳಿಗೆ ಇದರಿಂದ ನಿಜವಾಗಿಯೂ ಅನುಕೂಲ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಿರುದ್ಯೋಗ ವಿಮೆಯ ವಿಷಯ ಬೇರೆ.

ಆ ವಿಮೆಯ ದುಡ್ಡು ಅಲ್ಲಿ ಕೆಲಸಗಾರರ ಸಂಬಳದಿಂದ ಹೋಗುವುದಿಲ್ಲ, ಮಾಲೀಕರು ಕಟ್ಟುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬೊಬ್ಬರ ವರ್ಷದ ಮೊದಲ 7,000 ಡಾಲರ್ ಸಂಬಳದ ಮೇಲೆ ಮಾತ್ರ. ಹೊಸ ಮಾಲೀಕರಿಗೆ ದರ 3.4 ಪರ್ಸೆಂಟ್. ಆಮೇಲೆ ಅವರ ಚರಿತ್ರೆ ನೋಡುತ್ತಾರೆ: ಜಾಸ್ತಿ ಜನರನ್ನು ಕೆಲಸದಿಂದ ತೆಗೆದವರಿಗೆ ಜಾಸ್ತಿ ದರ, ಉಳಿಸಿಕೊಂಡವರಿಗೆ ಕಡಿಮೆ. ನನಗೆ ಇದು ತುಂಬ ನ್ಯಾಯವಾಗಿ ಕಾಣುತ್ತದೆ.

ಈಗ ಯೋಚಿಸಿ. ಹತ್ತಾರು ಕಂಪನಿಗಳ ಕೆಲಸಗಾರರೆಲ್ಲ ಪಿಇಒದ ಒಂದೇ ಖಾತೆಯಲ್ಲಿದ್ದರೆ? ಮನಸ್ಸಿಗೆ ಬಂದ ಹಾಗೆ ಜನರನ್ನು ತೆಗೆದ ಕಂಪನಿಯ ಚರಿತ್ರೆ ಆ ಗುಂಪಿನಲ್ಲಿ ಕರಗಿಹೋಗುತ್ತದೆ. ದರ ಇಳಿಸಿಕೊಳ್ಳಲೆಂದೇ ಖಾತೆ ಬದಲಾಯಿಸುವವರೂ ಇದ್ದರು. ಅದನ್ನು ತಡೆಯಲು 2004ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಕಾನೂನು ತಂದು, ಪ್ರತಿ ರಾಜ್ಯವೂ ನಿಯಮ ಮಾಡಲೇಬೇಕು ಎಂದಿತು. ಆದರೂ ಪಿಇಒಗಳ ವಿಷಯದಲ್ಲಿ ಎಲ್ಲ ರಾಜ್ಯಗಳದ್ದೂ ಒಂದೇ ದಾರಿಯಲ್ಲ. ಕೆಲವು ಕಡೆ ಪಿಇಒ ತನ್ನ ಖಾತೆಯಲ್ಲೇ ಕಟ್ಟಬಹುದು. ಕೆಲವು ಕಡೆ ಒಂದೊಂದು ಕಂಪನಿಯ ಲೆಕ್ಕವೂ ಬೇರೆಯೇ ಇರಬೇಕು. ಎರಡನೆಯದೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ. ಕೆಲಸದಿಂದ ತೆಗೆದವರ ಹೆಸರಿಗೇ ಅದರ ಲೆಕ್ಕ ಸೇರಬೇಕು, ಅಲ್ವಾ?

ಕೊನೆಗೆ ನನ್ನ ಅರ್ಜಿ ಸರಿಹೋಯಿತು. ವಾರಕ್ಕೆ 450 ಡಾಲರ್ ಬಂತು, ಅದೇ ಅಲ್ಲಿನ ಗರಿಷ್ಠ. ಬಾಡಿಗೆಗೆ ಸಾಲದು, ಆದರೆ ಆ ತಿಂಗಳುಗಳಲ್ಲಿ ಅಡುಗೆ ಮನೆ ನಡೆದಿದ್ದು ಅದರಿಂದಲೇ.

ಈಗ ಕಾಫಿ ಕೊಯ್ಲಿಗೆಂದು ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ತೋಟಕ್ಕೆ ಬಂದಿದ್ದೇನೆ. ಇಲ್ಲೂ ಬೆಳಿಗ್ಗೆ ಜೀಪಿನಲ್ಲಿ ಜನ ಬರುತ್ತಾರೆ, ಹೆಚ್ಚಿನವರು ಅಸ್ಸಾಮಿನವರು. ಮೊನ್ನೆ ಸಂಜೆ ಕಣದಲ್ಲಿ ಹಣ್ಣು ತೂಗುತ್ತಿದ್ದರು. ಇವರನ್ನು ಕರೆತರುವ ಮೇಸ್ತ್ರಿ “ಇವತ್ತು ಹದಿನಾಲ್ಕು ಜನ” ಅಂದ. ಅಪ್ಪ ಪುಸ್ತಕದಲ್ಲಿ ‘14’ ಅಂತ ಬರೆದುಕೊಂಡರು. ಅಷ್ಟೇ.

“ಹೆಸರು ಬರೆಯುವುದಿಲ್ವಾ ಅಪ್ಪ?”

“ದುಡ್ಡು ಮೇಸ್ತ್ರಿ ಕೈಗೇ ಕೊಡ್ತೇವಲ್ಲ ಮಗಾ. ಅವನು ಹಂಚ್ತಾನೆ.”

“ಅವನು ಕೊಡದಿದ್ದರೆ ಇವರು ಯಾರ ಮನೆ ಬಾಗಿಲಿಗೆ ಬರಬೇಕು?”

ನಮ್ಮ ದೇಶದ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇದಕ್ಕೆ ಉತ್ತರ ಇತ್ತು: ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡವನೇ ಕೊಡಬೇಕು. 2018ರಲ್ಲಿ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇದ್ದವರಿಗೆ ಕೆಲಸ ಹೋದರೆ ಒಂದಿಷ್ಟು ಭತ್ಯೆ ಕೊಡುವ ಯೋಜನೆಯೂ ಬಂತು, 90 ದಿನದವರೆಗೆ. ಆದರೆ ಕಣದಲ್ಲಿ ಚೀಲ ಇಳಿಸಿ ಬೆನ್ನು ನೆಟ್ಟಗೆ ಮಾಡುತ್ತಿದ್ದ ಆ ಹೆಂಗಸಿಗೆ ಇಎಸ್‌ಐ ಎಲ್ಲಿಂದ ಬರಬೇಕು? ನಮ್ಮ ಪುಸ್ತಕದಲ್ಲಿ ಅವಳ ಹೆಸರೇ ಇಲ್ಲ.

ಅಪ್ಪ ಆಗ ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಜೀಪು ಬಂದಾಗ ಗೇಟಿನ ಹತ್ತಿರ ನಿಂತಿದ್ದರು, ಕೈಯಲ್ಲಿ ಕೆಲಸಗಾರರ ಹಾಜರಿ ಬರೆಯುವ ಹಳೆಯ ಚೆಕ್‌ರೋಲ್ ಪುಸ್ತಕ. ಮೊದಲು ಇಳಿದವಳ ಹೆಸರು ಅವರಿಗೆ ಸರಿಯಾಗಿ ಕೇಳಿಸಲಿಲ್ಲ. ಮೂರು ಸಲ ಕೇಳಿ ಬರೆದುಕೊಂಡರು.