ಮಳೆಯಲ್ಲಿ ನಿಲ್ಲುತ್ತಿದ್ದ ನಮ್ಮ ಅಂಬಾಸಿಡರ್

ಪುನರ್ವಸು ಮಳೆ ಹಿಡಿದಿತ್ತು. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೊರಟಿದ್ದೆವು. ಗುಡ್ಡೇಕೇರಿ ದಾಟುತ್ತಿದ್ದಂತೆ ಕಾರು ಎರಡು ಸಲ ಮುಗ್ಗರಿಸಿ ನಿಂತೇಬಿಟ್ಟಿತು. ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಹಿಂದಿನ ಸೀಟಿನಲ್ಲಿ ಅಮ್ಮ, ಡಿಕ್ಕಿಯಲ್ಲಿ ಚಿಕ್ಕಮ್ಮನ ಮನೆಗೆ ಅಂತ ಎರಡು ಹಲಸಿನಹಣ್ಣು. ಗಾಜು ಏರಿಸಿಕೊಂಡು ಅರ್ಧ ಗಂಟೆ ಕೂತೆವು. ಆಮೇಲೆ ಕೀ ತಿರುಗಿಸಿದರೆ ಒಂದೇ ಏಟಿಗೆ ಸ್ಟಾರ್ಟ್!

ಆ ಮಳೆಗಾಲದಲ್ಲಿ ಹೀಗೆ ನಾಲ್ಕು ಸಲ ಆಯಿತು. ಪ್ರತಿ ಸಲವೂ ಅದೇ ಅರ್ಧ ಗಂಟೆ, ಮುಕ್ಕಾಲು ಗಂಟೆ. ಆ ಅರ್ಧ ಗಂಟೆಯಲ್ಲೇ ಉತ್ತರ ಇತ್ತು. ನನಗೆ ಆಗ ಗೊತ್ತಾಗಲಿಲ್ಲ.

ಕಾರು ಅಪ್ಪಯ್ಯನದ್ದು. 1984ರಲ್ಲಿ ತಗೊಂಡ ಅಂಬಾಸಿಡರ್ ಮಾರ್ಕ್ 4, ಪೆಟ್ರೋಲ್ ಗಾಡಿ. ಅಡಿಕೆಗೆ ಒಳ್ಳೆ ರೇಟು ಸಿಕ್ಕ ವರ್ಷ ಅದು ಅಂತ ಅಮ್ಮ ಈಗಲೂ ಹೇಳುತ್ತಾಳೆ. ಅಪ್ಪಯ್ಯ ಹೋದ ಮೇಲೆ ತೋಟವೂ ಕಾರೂ ನನ್ನ ಕೈಗೆ ಬಂದವು. ಎರಡನ್ನೂ ನಾನು ಅವರ ಹಿಂದೆ ಹಿಂದೆ ಓಡಾಡಿಯೇ ಕಲಿತಿದ್ದು. ಬಾನೆಟ್ ಎತ್ತಿದಾಗ ಟಾರ್ಚ್ ಹಿಡಿಯುವ ಕೆಲಸ ಯಾವಾಗಲೂ ನನ್ನದೇ ಆಗಿತ್ತು.

ಈ ಎಂಜಿನ್ ಬಗ್ಗೆ ಸ್ವಲ್ಪ ಹೇಳಬೇಕು. ಇದು ಮೂಲದಲ್ಲಿ ಇಂಗ್ಲೆಂಡಿನ ಬಿ.ಎಂ.ಸಿ. ಕಂಪನಿಯ ಬಿ-ಸೀರೀಸ್ ಎಂಜಿನ್. ಸಾಲಾಗಿ 4 ಸಿಲಿಂಡರ್, 1489 ಸಿ.ಸಿ. ಬ್ಲಾಕೂ ಹೆಡ್ಡೂ ಎರಡೂ ಬೀಡು ಕಬ್ಬಿಣ. ಎಂ.ಜಿ.ಎ. ಅನ್ನುವ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನಲ್ಲೂ ಮೊದಲು ಇದ್ದಿದ್ದು ಇದೇ 1489. ಸಿಲಿಂಡರಿನ ಅಗಲ 73 ಮಿ.ಮೀ., ಪಿಸ್ಟನ್ ಓಡಾಡುವ ಉದ್ದ 88.9 ಮಿ.ಮೀ. ಅಗಲಕ್ಕಿಂತ ಉದ್ದ ಜಾಸ್ತಿ, ಅಲ್ವಾ? ಹಾಗಾಗಿಯೇ ಇದು ಜೋರಾಗಿ ಸುತ್ತುವ ಎಂಜಿನ್ ಅಲ್ಲ, ನಿಧಾನಕ್ಕೆ ಎಳೆಯುವ ಎಂಜಿನ್. ಸೋಮೇಶ್ವರದಿಂದ ಆಗುಂಬೆ ಘಾಟಿಯ 14 ತಿರುವುಗಳನ್ನು ಐದು ಜನ ಕೂರಿಸಿಕೊಂಡು ಹತ್ತುವಾಗ ಅದರ ಬೆಲೆ ಗೊತ್ತಾಗುತ್ತದೆ. ಆಕ್ಸಿಲರೇಟರ್ ಒತ್ತಿ ಅರಚಿಸಬೇಕಾಗಿಲ್ಲ.

ಮೊದಲು ತೋರಿಸಿದ ಗ್ಯಾರೇಜಿನವರು, ಯಾರು ಅಂತ ಬೇಡ, ನೋಡಿದ ಕೂಡಲೇ ಕಾರ್ಬುರೇಟರ್ ಅಂದರು. ಕಿಟ್ ಹಾಕಿದರು. ಮತ್ತೆ ನಿಂತಿತು. ಪೆಟ್ರೋಲ್ ಪಂಪ್ ಬದಲಿಸಿದರು. ಮತ್ತೂ ನಿಂತಿತು. ಕೊನೆಗೆ, ‘ಈ ಪೆಟ್ರೋಲ್ ಎಂಜಿನ್ ಕಿತ್ತು ಹಳೇ ಡೀಸೆಲ್ ಎಂಜಿನ್ ಕೂರಿಸಿಬಿಡಿ’ ಅಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಪ್ಪಯ್ಯ ಕೈಯಾರೆ ಟ್ಯಾಪೆಟ್, ಅಂದರೆ ವಾಲ್ವಿನ ಗ್ಯಾಪ್, ಸೆಟ್ ಮಾಡುತ್ತಿದ್ದ ಎಂಜಿನ್ ಅದು. ಗುಜರಿಗೆ ಹಾಕೋಕೆ ನನಗೆ ಮನಸ್ಸಿರಲಿಲ್ಲ.

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಹತ್ತಿರ ಅಪ್ಪಯ್ಯನ ಕಾಲದ ಒಬ್ಬ ಮೆಕ್ಯಾನಿಕ್ ಇದ್ದಾರೆ. ನಾವೆಲ್ಲ ಭಾಯಿ ಅಂತಲೇ ಕರೆಯುವುದು. ಅವರ ಹತ್ತಿರ ಹೋದೆ. ಅವರು ಬಾನೆಟ್ ಮುಟ್ಟಲೇ ಇಲ್ಲ. ಮೊದಲು ಕೇಳಿದ್ದು ಇಷ್ಟೇ: ‘ಅಕ್ಕ, ಬೇಸಿಗೇಲಿ ಘಾಟಿ ಹತ್ತುವಾಗ ನಿಲ್ಲುತ್ತಾ?’

‘ಇಲ್ಲ ಭಾಯಿ. ಮಳೆ ಬಂದಾಗ ಮಾತ್ರ.’

‘ಅರ್ಧ ಗಂಟೆ ಬಿಟ್ರೆ ತಾನೇ ಸ್ಟಾರ್ಟ್ ಆಗುತ್ತಾ?’

‘ಹೌದು.’

‘ಹಂಗಾದ್ರೆ ಪೆಟ್ರೋಲ್ ದಾರಿ ಹಿಡಿದು ಯಾಕೆ ಹೋದ್ರಿ? ಕರೆಂಟ್ ದಾರಿ ನೋಡಿ.’

ಶೆಡ್ಡಿನ ಬಾಗಿಲು ಎಳೆದು ಲೈಟ್ ಆರಿಸಿದರು. ಎಂಜಿನ್ ಓಡುತ್ತಿತ್ತು. ಒಂದು ಬಾಟಲಿಯಿಂದ, ನಾಲ್ಕು ಪ್ಲಗ್ಗಿಗೂ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಮೇಲೆ ನೀರು ಚಿಮುಕಿಸಿ, ‘ನೋಡಿ’ ಅಂದರು. ಕತ್ತಲಲ್ಲಿ ಅದರ ಮುಚ್ಚಳದ, ಅಂದರೆ ಕ್ಯಾಪಿನ ಮೇಲೆ ಕೂದಲೆಳೆಯಷ್ಟು ಸಣ್ಣ ನೀಲಿ ಬೆಳಕು ಹರಿದಾಡುತ್ತಿತ್ತು, ಸಣ್ಣಗೆ ಚಟಚಟ ಸದ್ದು. ಎಂಜಿನ್ ತಡವರಿಸಿ ನಿಂತಿತು, ಗುಡ್ಡೇಕೇರಿಯಲ್ಲಿ ನಿಂತ ಹಾಗೇ.

ಕ್ಯಾಪ್ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟರು. ಎರಡು ಹಿತ್ತಾಳೆ ಮೊಳೆಗಳ ನಡುವೆ ಪೆನ್ಸಿಲಿನಲ್ಲಿ ಗೀಚಿದಂಥ ಒಂದು ಕಪ್ಪು ಗೆರೆ. ಅದು ಬಿರುಕು, ಅದರೊಳಗೆ ಸುಟ್ಟ ಕರಿ ತುಂಬಿತ್ತು. ಒಣಗಿದ್ದಾಗ ಕಿಡಿ ತನ್ನ ದಾರಿಯಲ್ಲಿ, ಸಿಲಿಂಡರುಗಳ 1-3-4-2 ಕ್ರಮದಲ್ಲಿ ಪ್ಲಗ್ಗಿಗೆ ಹೋಗುತ್ತದೆ. ಸ್ವಲ್ಪ ತೇವ ಕೂತರೆ ಸಾಕು, ಕರಿ ಗೆರೆ ಹಿಡಿದು ಅಡ್ಡದಾರಿಗೆ ಬೀಳುತ್ತದೆ. ಮಳೆಯಲ್ಲಿ ಮುಂದಿನ ಜಾಲರಿಯಿಂದ ಬಂದ ನೀರನ್ನು ಫ್ಯಾನು ಹಿಂದಕ್ಕೆ ಎರಚುತ್ತದೆ. ಡಿಸ್ಟ್ರಿಬ್ಯೂಟರ್ ಇರುವುದು ಬ್ಲಾಕಿನ ಪಕ್ಕದಲ್ಲಿ, ಆ ನೀರು ಬೀಳುವ ಕಡೆಯಲ್ಲೇ. ಗಾಡಿ ನಿಂತ ಮೇಲೆ ಬಿಸಿ ಎಂಜಿನ್ನೇ ಅದನ್ನು ಒಣಗಿಸುತ್ತದೆ. ಅರ್ಧ ಗಂಟೆಯ ಗುಟ್ಟು ಅದು.

ಕಿಡಿಗಾಗಿ ಕರೆಂಟ್ ಕಡಿದು ಕೂಡಿಸುವ ಪಾಯಿಂಟನ್ನೂ ನೋಡಿದೆವು. ಒಂದು ಮುಖದಲ್ಲಿ ಸಾಸಿವೆಯಷ್ಟು ದಿಬ್ಬ, ಎದುರು ಮುಖದಲ್ಲಿ ಅಷ್ಟೇ ಗುಂಡಿ. ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಸೋತಾಗಲೂ ಹೀಗಾಗುತ್ತದೆ ಅಂದರು ಭಾಯಿ. ಕ್ಯಾಪು, ರೋಟರ್, ಪಾಯಿಂಟ್, ಕಂಡೆನ್ಸರ್, ಪ್ಲಗ್ ವೈರುಗಳು ಎಲ್ಲ ಹೊಸದು ಹಾಕಿದೆವು. ಪಾಯಿಂಟಿನ ಗ್ಯಾಪ್ 15 ಥೌ, ಪ್ಲಗ್ಗಿಗೆ 25 ಥೌ. ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ. ಎಲ್ಲ ಸೇರಿ ಆದ ಖರ್ಚು ಆ ಕಾರ್ಬುರೇಟರ್ ಕಿಟ್ಟಿಗೆ ಕೊಟ್ಟಿದ್ದರ ಅರ್ಧವೂ ಇಲ್ಲ.

ಆಮೇಲೆ ಭಾಯಿ ಕೇಳಿದರು, ‘ಕೊಳೆ ಔಷಧಿ ಹೊಡೆಯೋ ರಬ್ಬರ್ ಗ್ಲೌಸ್ ಮನೇಲಿ ಇರುತ್ತಲ್ಲ ಅಕ್ಕ?’ ಇಲ್ಲದೆ ಏನು, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲಕ್ಕೆ ಡಜನ್‌ಗಟ್ಟಲೆ ತರುತ್ತೇವೆ. ಗ್ಲೌಸಿನ ಐದು ಬೆರಳ ತುದಿ ಕತ್ತರಿಸಬೇಕು. ನಾಲ್ಕು ಬೆರಳಲ್ಲಿ ನಾಲ್ಕು ಪ್ಲಗ್ ವೈರು, ಹೆಬ್ಬೆರಳಲ್ಲಿ ಕಾಯಿಲ್ ವೈರು. ಅಂಗೈ ಭಾಗವನ್ನು ಕ್ಯಾಪಿನ ಮೇಲೆ ಟೋಪಿಯ ಹಾಗೆ ಎಳೆದು ಕೂರಿಸಬೇಕು. ಕೆಳಗೆ ಬಿಗಿಯಾಗಿ ಕಟ್ಟಬಾರದು, ಒಳಗಿನ ತೇವ ಹೊರಗೆ ಹೋಗಲು ಜಾಗ ಬೇಕು. ಅಂದಿನಿಂದ ಮಳೆಯಲ್ಲಿ ಕಾರು ಒಂದು ಸಲವೂ ನಿಂತಿಲ್ಲ.

ಬೇಸಿಗೆಯಲ್ಲಿ ನಿಲ್ಲುವ ಕಾಯಿಲೆಯೇ ಬೇರೆ. ಈ ಎಂಜಿನ್ನಿನಲ್ಲಿ ಕಾರ್ಬುರೇಟರ್ ಮತ್ತು ಬಿಸಿ ಹೊಗೆ ಸಾಗಿಸುವ, ಸೈಲೆನ್ಸರ್ ಕಡೆಯ ಮ್ಯಾನಿಫೋಲ್ಡ್ ಒಂದೇ ಪಕ್ಕದಲ್ಲಿವೆ. ಘಾಟಿ ಹತ್ತಿ ನಿಂತರೆ ಆ ಕಾವಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗುತ್ತದೆ. ಪಂಪ್ ಆವಿಯನ್ನು ಎಳೆಯಲಾರದು. ನಾನು ಶಾಲೆಗೆ ಹೋಗುವಾಗ ಒಮ್ಮೆ ಹೀಗಾಗಿ ಅಪ್ಪಯ್ಯ ತನ್ನ ಬೈರಾಸು ಒದ್ದೆ ಮಾಡಿ ಪಂಪಿಗೆ ಸುತ್ತಿದ್ದರು. ಪೈಪು ಮ್ಯಾನಿಫೋಲ್ಡಿಗೆ ತೀರಾ ಹತ್ತಿರ ಹೋಗಿತ್ತು, ದೂರ ಸರಿಸಿದ ಮೇಲೆ ಮತ್ತೆ ಬರಲಿಲ್ಲ.

ಆಯಿಲ್ ಹಾಕುವ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಪೇಸ್ಟ್ ಕಂಡರೆ ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಯಿತು ಅಂತ ತುಂಬ ಜನ ಹೆದರಿಸುತ್ತಾರೆ. ಇರಬಹುದು. ಆದರೆ ರೇಡಿಯೇಟರ್ ನೀರು ಇಳಿಯುತ್ತಿದೆಯಾ ಅಂತ ಮೊದಲು ನೋಡಿ. ನಮ್ಮದರಲ್ಲಿ ಒಂದು ಲೋಟವೂ ಇಳಿದಿರಲಿಲ್ಲ. ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟನ್ನು ಯಾರೋ ಯಾವ ಕಾಲದಲ್ಲೋ ಕಿತ್ತು ಹಾಕಿದ್ದರು, ಬಿಸಿಯಾಗಬಾರದು ಅಂತ. ನಮ್ಮ ಕಡೆಯ ಥಂಡಿಗೆ, ಮನೆಯಿಂದ ಪೇಟೆಗೆ ಆರು ಕಿಲೋಮೀಟರ್ ಓಡುವಷ್ಟರಲ್ಲಿ ಎಂಜಿನ್ ಸರಿಯಾಗಿ ಬಿಸಿಯೇ ಆಗುತ್ತಿರಲಿಲ್ಲ. ಒಳಗಿನ ತೇವ ಹೋಗದೆ ಆಯಿಲ್ ಜೊತೆ ಬೆರೆತು ಆ ಪೇಸ್ಟ್ ಆಗುತ್ತಿತ್ತು. ಥರ್ಮೋಸ್ಟಾಟ್ ವಾಪಸ್ ಹಾಕಿಸಿದೆ, ವಾರಕ್ಕೊಮ್ಮೆ ಶಿವಮೊಗ್ಗದವರೆಗೆ ಓಡಿಸಿದೆ. ಪೇಸ್ಟ್ ಮಾಯ. ಹಳ್ಳದ ನೀರು ರೇಡಿಯೇಟರಿಗೆ ಹಾಕುವುದನ್ನೂ ಬಿಟ್ಟಿದ್ದೇನೆ, ಅದರ ಕೆಸರು ಬ್ಲಾಕಿನ ತಳದಲ್ಲಿ ಕೂರುತ್ತದೆ.

ಆಯಿಲ್ ಸೋರುವುದಂತೂ ಇದೆ. ಕ್ರ್ಯಾಂಕಿನ ಹಿಂದಿನ ತುದಿಯಲ್ಲಿ ಈಗಿನ ಥರ ರಬ್ಬರ್ ಸೀಲ್ ಇಲ್ಲ, ಆಯಿಲನ್ನು ಒಳಕ್ಕೆ ತಿರುಗಿಸುವ ಮರೆ ಅಷ್ಟೇ. ಒಂದೆರಡು ಹನಿ ಸಹಜ. ಹನಿ ಜಾಸ್ತಿಯಾದರೆ ಎಂಜಿನ್ನಿನ ಒಳಗಿನ ಗಾಳಿ ಹೊರಗೆ ಹೋಗುವ ಬ್ರೀದರ್ ಪೈಪು ಕಟ್ಟಿದೆಯಾ ನೋಡಬೇಕು. ಒಳಗೆ ಒತ್ತಡ ಕೂಡಿದರೆ ಎಲ್ಲ ಸಂದಿಯಿಂದಲೂ ಆಯಿಲ್ ಹೊರಗೆ ಬರುತ್ತದೆ.

ಟ್ಯಾಪೆಟ್ ವಿಷಯ ನನಗೆ ತುಂಬ ಮುಖ್ಯ. ಗ್ಯಾಪ್ 15 ಥೌ. ಅಪ್ಪಯ್ಯ ಕಲಿಸಿದ್ದು ಒಂಬತ್ತರ ಲೆಕ್ಕ. ಒಟ್ಟು 8 ವಾಲ್ವ್. ಒಂದನೆಯದು ಪೂರ್ತಿ ತೆರೆದಾಗ ಎಂಟನೆಯದನ್ನು ಸೆಟ್ ಮಾಡು, ಮೂರನೆಯದು ತೆರೆದಾಗ ಆರನೆಯದನ್ನು. ಕೂಡಿದರೆ ಯಾವಾಗಲೂ ಒಂಬತ್ತು. ಈ ಎಂಜಿನ್ ಸೀಸ ಇದ್ದ ಪೆಟ್ರೋಲಿನ ಕಾಲದ್ದು. 2000ದಿಂದ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಸೀಸ ಇಲ್ಲದೆ ಎಕ್ಸಾಸ್ಟ್ ವಾಲ್ವಿನ ಸೀಟು ಮೆಲ್ಲಗೆ ಸವೆಯುತ್ತದೆ, ಗ್ಯಾಪ್ ಮುಚ್ಚಿಕೊಳ್ಳುತ್ತಾ ಬರುತ್ತದೆ. ಟಕಟಕ ಅನ್ನುವ ಟ್ಯಾಪೆಟ್ಟಿಗೆ ಹೆದರಬೇಡಿ. ಸದ್ದೇ ಇಲ್ಲದಂತೆ ಆದರೆ ಕೂಡಲೇ ಗ್ಯಾಪ್ ಅಳೆಯುವ ಫೀಲರ್ ಗೇಜ್ ತಗೊಳ್ಳಿ, ವಾಲ್ವ್ ಸುಟ್ಟು ಹೋಗುವ ಮುಂಚೆ. ಹೆಡ್ ಬಿಚ್ಚುವ ಕೆಲಸ ಬಂದಾಗ ಗಟ್ಟಿ ಸೀಟು ಕೂರಿಸಿಬಿಡಿ.

ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇದೆ. ಎಥೆನಾಲ್ ನೀರು ಹೀರುತ್ತದೆ, ನಮ್ಮಲ್ಲಿ ಗಾಳಿಯೇ ನೀರು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದರೆ ಟ್ಯಾಂಕಿನ ತಳದಲ್ಲಿ ನೀರು ಬೇರೆಯಾಗಿ ನಿಲ್ಲಬಹುದು. ಹಳೇ ರಬ್ಬರ್ ಪೈಪನ್ನೂ ಅದು ಮೆತ್ತಗೆ ಮಾಡುತ್ತದೆ. ನಾನು ಎಥೆನಾಲ್ ತಡೆಯುವ ಪೈಪು ಹಾಕಿಸಿದ್ದೇನೆ, ಕಾರ್ಬುರೇಟರಿನ ಜೆಟ್ ನಟ್ಟನ್ನು ಒಂದು ಮೂಲೆಯಷ್ಟು ಇಳಿಸಿ ಪೆಟ್ರೋಲ್ ಸ್ವಲ್ಪ ಜಾಸ್ತಿ ಹೋಗುವ ಹಾಗೆ ಮಾಡಿದ್ದೇನೆ.

ಈ ಭಾನುವಾರ ಟ್ಯಾಪೆಟ್ ನೋಡಬೇಕು. ಆರಿದ್ರಾ ಮಳೆ ಹಿಡಿಯುವ ಮುಂಚೆ ಗ್ಲೌಸೂ ಬದಲಿಸಬೇಕು, ಹೋದ ವರ್ಷದ್ದು ಕಾವಿಗೆ ಬಿರುಕು ಬಿಟ್ಟಿದೆ. ಟಾರ್ಚ್ ಹಿಡಿಯಲು ಮಗಳು ಈಗಲೇ ಒಪ್ಪಿಕೊಂಡಿದ್ದಾಳೆ.